ತಿಪ್ಪೇಶ, ಓಬಳೇಶ, ಆರವ್: ಹೆಸರಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಹೆಸರಿನವೇ. ಒಂದೇ ಬಗೆಯವನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ (ಚಳ್ಳಕೆರೆ): ನಮ್ಮ ಮಾವನವರ ಹೆಸರು ತಿಪ್ಪೇಸ್ವಾಮಿ. ಮೊಮ್ಮಗನಿಗೆ ಅದೇ ಹೆಸರು ಇಡಬೇಕು ಅಂತ ಹಿರಿಯರ ಆಸೆ. ಶಾಲೆಯಲ್ಲಿ ಹುಡುಗರು ‘ತಿಪ್ಪೆ’ ಅಂತ ಆಡಿಕೊಳ್ತಾರೆ ಅಂತ ಮಗ, ಸೊಸೆ ಒಪ್ಪುತ್ತಿಲ್ಲ. ಇದಕ್ಕೆ ಬೇರೆ ಒಳ್ಳೆಯ ಅರ್ಥ ಏನಾದರೂ ಇದೆಯೇ?

ಉತ್ತರ: ತಿಪ್ಪೆ ಎಂದರೆ ಮನೆ ಹಿಂದಿನ ಗೊಬ್ಬರದ ರಾಶಿಯೇ. ಬೇರೆ ಅರ್ಥ ಹುಡುಕುವ ಅಗತ್ಯವಿಲ್ಲ, ಇದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ. ಬೇಸಾಯದ ಮನೆಗೆ ತಿಪ್ಪೆ ಎಂದರೆ ಮುಂದಿನ ವರ್ಷದ ಬೆಳೆ. ದೀಪಾವಳಿಯಲ್ಲಿ ತಿಪ್ಪೆಗೂ ಪೂಜೆ ಮಾಡುವ ಮನೆಗಳು ಈಗಲೂ ಇವೆ.

ಈ ಹೆಸರು ಮನೆಯೊಳಕ್ಕೆ ಬರುವ ದಾರಿ ಎರಡು. ಒಂದು, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹೊತ್ತ ಹರಕೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದವರು, ಆ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದವರು ಎಂದು ಜನ ನೆನೆಯುವ ಶರಣರು ಅವರು. ಫಾಲ್ಗುಣದಲ್ಲಿ ನಡೆಯುವ ಅವರ ತೇರಿಗೆ ಹೋಗದ ಮನೆ ಚಳ್ಳಕೆರೆ ಕಡೆ ಅಪರೂಪ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪೇಶ, ತಿಪ್ಪಣ್ಣ, ತಿಪ್ಪಮ್ಮ ಇವೆಲ್ಲ ಹೆಚ್ಚಾಗಿ ಅಲ್ಲಿಂದ ಬಂದವು, ಜಾತಿ ಬೇಧವಿಲ್ಲದೆ ಬಂದವು.

ಇನ್ನೊಂದು ದಾರಿ ಅದಕ್ಕಿಂತ ನೋವಿನದು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು. ನೆರೆಮನೆಯವರು ‘ನಮಗೊಂದು ಕೂಸು ಸಿಕ್ಕಿತು’ ಎಂದು ಎತ್ತಿಕೊಂಡು ಬಂದು ತಾಯಿಯ ಮಡಿಲಿಗೆ ಹಾಕುತ್ತಿದ್ದರು. ಬೇಡವೆಂದು ಬಿಸಾಡಿದ್ದನ್ನು ಸಾವು ಹುಡುಕಿಕೊಂಡು ಬರಲಾರದು, ಕೆಟ್ಟ ಕಣ್ಣೂ ತಾಗದು ಎಂಬ ನಂಬಿಕೆ. ಹಿಡಿ ತೌಡಿಗೆ ಕೂಸನ್ನು ಮಾರಿ ಮತ್ತೆ ಕೊಂಡರೆ ತೌಡಪ್ಪ. ಗುಂಡಪ್ಪ, ಕಾಡಪ್ಪ, ಹುಚ್ಚಪ್ಪ ಇವೂ ಹಲವು ಮನೆಗಳಲ್ಲಿ ಇದೇ ಸಾಲಿನವು. ಆದರೆ ಹೆಸರು ನೋಡಿದ ಕೂಡಲೇ ತೀರ್ಮಾನಿಸಬೇಡಿ. ಕಲ್ಲಪ್ಪ ಎಂಬುದು ಆ ಊರಿನ ಕಲ್ಲೇಶ್ವರನ ಹೆಸರಿರಬಹುದು, ಹುಚ್ಚಪ್ಪ ಎಂಬುದು ಹುಚ್ಚಯ್ಯ ಎಂಬ ಸ್ವಾಮಿಯ ಗದ್ದುಗೆಯಿಂದ ಬಂದಿರಬಹುದು. ಗೊತ್ತುಮಾಡಿಕೊಳ್ಳಲು ಮನೆಯ ಹಿರಿಯರಿಗೆ ಎರಡು ಮಾತು ಕೇಳಿ. ಮನೆದೇವರು ಯಾರು? ಆ ಹೆಸರಿನವರಿಗಿಂತ ಮುಂಚೆ ಹುಟ್ಟಿದವರು ಉಳಿದಿದ್ದರೇ?

ನಿಮ್ಮ ಮೊಮ್ಮಗನಿಗೆ ನಮ್ಮ ಸಲಹೆ: ದಾಖಲೆಗೆ ತಿಪ್ಪೇರುದ್ರ, ಕರೆಯಲು ರುದ್ರ. ಅಜ್ಜನ ಹೆಸರೂ ಉಳಿಯುತ್ತದೆ, ಹುಡುಗನಿಗೂ ಭಾರವಾಗುವುದಿಲ್ಲ. ‘ತೃಪ್ತೇಶ’ ಎಂಬಂಥ ರೂಪ ಹೊಸೆದು ಸಂಸ್ಕೃತದ ಬಣ್ಣ ಬಳಿಯುವುದು ಮಾತ್ರ ಬೇಡ. ಅದು ಅಜ್ಜನ ಹೆಸರೂ ಆಗದು, ಸರಿಯಾದ ಸಂಸ್ಕೃತವೂ ಆಗದು.

ಪ್ರಶ್ನೆ (ಚಿತ್ರದುರ್ಗ): ಓಬವ್ವ, ಓಬಳೇಶ, ಓಬಯ್ಯ ಇವುಗಳ ‘ಓಬ’ ಎಂದರೆ ಯಾರು? ಶಿವನ ಹೆಸರೇ? ಭರಮಣ್ಣ, ತಿಮ್ಮಣ್ಣ ಎಂಬ ನಾಯಕರ ಹೆಸರುಗಳ ಅರ್ಥವನ್ನೂ ತಿಳಿಸಿ.

ಉತ್ತರ: ಶಿವನಲ್ಲ, ನರಸಿಂಹ. ಆಂಧ್ರದ ನಂದ್ಯಾಲ ಜಿಲ್ಲೆಯ ಅಹೋಬಲ ನರಸಿಂಹಕ್ಷೇತ್ರ. ಅಹೋಬಲ ಎಂಬುದು ಬಾಯಿಂದ ಬಾಯಿಗೆ ಬರುತ್ತಾ ಮೊದಲ ‘ಅ’, ‘ಹ’ ಎರಡನ್ನೂ ಕಳೆದುಕೊಂಡು ಓಬಲ ಆಯಿತು, ‘ಲ’ ಹೋಗಿ ‘ಳ’ ಬಂದು ಓಬಳ ಆಯಿತು, ಇನ್ನೂ ಮೊಟಕಾಗಿ ಓಬ ಆಯಿತು. ಅದಕ್ಕೆ ಅಪ್ಪ, ಅಣ್ಣ, ಅಯ್ಯ, ಅವ್ವ ಸೇರಿದರೆ ಓಬಳಪ್ಪ, ಓಬಣ್ಣ, ಓಬಯ್ಯ, ಓಬವ್ವ. ಓಬಳೇಶ ಎಂದರೆ ಅಹೋಬಲದ ಒಡೆಯ. ಕೊನೆಗೆ ‘ಈಶ’ ಇದ್ದ ಮಾತ್ರಕ್ಕೆ ಶಿವನೆಂದು ತಿಳಿಯಬಾರದು. ರಮೇಶನೂ ಲಕ್ಷ್ಮಿಯ ಗಂಡನೇ. ಕೋಟೆಯ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಒನಕೆಯಿಂದ ಹೊಡೆದ ಓಬವ್ವ, ಪಾಳೆಯಗಾರರಲ್ಲಿ ಮತ್ತಿ ತಿಮ್ಮಣ್ಣ ನಾಯಕನ ಮಗ ಓಬಣ್ಣ ನಾಯಕ, ಇಬ್ಬರ ಹೆಸರಿನಲ್ಲೂ ಇರುವುದು ಅದೇ ಅಹೋಬಲ. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗದ ಕಡೆಗೆ ಹೊಂದಿಕೊಂಡ ಸೀಮೆಯಲ್ಲಿ ಈ ಹೆಸರು ದಟ್ಟವಾಗಿ ಸಿಗುವುದು ಸಹಜವೇ.

ಬರೆಯುವಾಗ ಆಗುವ ತಪ್ಪು ಒಂದಿದೆ. ಕೆಲವು ದಾಖಲೆಗಳಲ್ಲಿ ಇದನ್ನು ‘ಓಂ’ಕಾರ ಎಂದುಕೊಂಡು ‘ಓಂಬಳೇಶ’ ಎಂದು ಬರೆದುಬಿಡುತ್ತಾರೆ. ಸೊನ್ನೆಗೆ ಇಲ್ಲಿ ಜಾಗವೇ ಇಲ್ಲ.

ತಿಮ್ಮ ಎಂಬುದು ತಿರುಮಲದಿಂದ ಬಂದದ್ದೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ತಿರುಪತಿ ತಿಮ್ಮಪ್ಪ ಎನ್ನುವುದಿಲ್ಲವೇ, ಅದೇ. ಭರಮಣ್ಣ ಎಂಬುದು ಬ್ರಹ್ಮನ ಹೆಸರು. ಬ್ರಹ್ಮ ಎಂಬ ಒತ್ತಕ್ಷರದ ಪದವನ್ನು ಕನ್ನಡದ ನಾಲಿಗೆ ಎರಡು ಬಗೆಯಲ್ಲಿ ಸಡಿಲ ಮಾಡಿಕೊಂಡಿತು. ನಡುವೆ ಸ್ವರ ತೂರಿಸಿದ್ದು ಬರಮ, ಅದರಿಂದ ಬರಮಪ್ಪ, ಭರಮಣ್ಣ. ಒತ್ತನ್ನೇ ಮೃದು ಮಾಡಿಕೊಂಡದ್ದು ಬೊಮ್ಮ, ಅದರಿಂದ ಬೊಮ್ಮಣ್ಣ, ಬೊಮ್ಮಯ್ಯ. ಭರಮಸಾಗರದ ಕೆರೆಗೆ ಭರಮಣ್ಣ ನಾಯಕನ ಹೆಸರು. ಊರಿನ ಹೆಸರಿನ ಕೊನೆಯ ‘ಸಾಗರ’ ಎಂದರೆ ಈ ಕಡೆ ದೊಡ್ಡ ಕೆರೆ. ಭೀಮಸಮುದ್ರದ ‘ಸಮುದ್ರ’ವೂ ಹಾಗೆಯೇ.

ಪ್ರಶ್ನೆ (ಮೊಳಕಾಲ್ಮೂರು): ನಮ್ಮ ಸೀಮೆಯಲ್ಲಿ ಬರಹದಲ್ಲಿ ಸಿಗುವ ಅತಿ ಹಳೆಯ ವ್ಯಕ್ತಿಯ ಹೆಸರು ಯಾವುದು?

ಉತ್ತರ: ಒಳ್ಳೆಯ ಪ್ರಶ್ನೆ, ಉತ್ತರವೂ ನಿಮ್ಮ ತಾಲ್ಲೂಕಿನಲ್ಲೇ ಇದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಅದನ್ನು ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ‘ಲಿಪಿಕಾರನಿಂದ’ ಎಂಬ ಅರ್ಥದ ಕೊನೆಯ ಪದ ಒಂದನ್ನು ಮಾತ್ರ ಆತ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ದೇಶದ ವಾಯವ್ಯ ಗಡಿಯ ಲಿಪಿ. ಹಾಗಾಗಿ ಚಪಡ ಇಲ್ಲಿಯವನಲ್ಲ, ಆ ಕಡೆ ಕಲಿತು ಬಂದವನು ಎಂದು ಊಹಿಸಬಹುದು. ಅದೇ ಶಾಸನದಲ್ಲಿ ಬರುವ ‘ಇಸಿಲ’ ಎಂಬ ಊರಿನ ಹೆಸರು ಕನ್ನಡದ್ದೇ ಎಂದು ವಿದ್ವಾಂಸರು ವಾದಿಸಿದ್ದಾರೆ.

ನಂತರದ್ದು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಕೆರೆಯ ಶಾಸನ. ಅದು ಪ್ರಾಕೃತದಲ್ಲಿದೆ, ಆದ್ದರಿಂದ ಅಲ್ಲಿ ಶರ್ಮ ಎಂಬುದು ‘ಶಮ್ಮ’ ಆಗಿದೆ. ‘ರ್ಮ’ ಹೋಗಿ ‘ಮ್ಮ’ ಬರುವ ಈ ಬಗೆ ಈಗಲೂ ಜೀವಂತ. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯನ್ನು ಜನ ಕರೆಯುವುದು ದುಗ್ಗಮ್ಮ ಎಂದು. ‘ರ್ಗ’ ಹೋಗಿ ‘ಗ್ಗ’. ದುಗ್ಗಪ್ಪ ಎಂದು ಹೆಸರಿರುವವರು ಅದನ್ನು ‘ತಪ್ಪು ಉಚ್ಚಾರ’ ಎಂದುಕೊಂಡು ದುರ್ಗಪ್ಪ ಎಂದು ತಿದ್ದಿಸಿಕೊಳ್ಳಲು ಹೋಗುತ್ತಾರೆ. ಅದು ತಪ್ಪಲ್ಲ. ಬಹಳ ಹಳೆಯ, ನಿಯಮ ಇರುವ ರೂಪ.

ಪ್ರಶ್ನೆ (ದಾವಣಗೆರೆ): ಮಗನಿಗೆ ‘ಆರವ್’ ಎಂದು ಇಡಬೇಕೆಂದಿದ್ದೇವೆ. ಮೊಬೈಲಿನಲ್ಲಿ ನೋಡಿದರೆ ‘ಶಾಂತ’ ಎಂಬ ಅರ್ಥ ಬರುತ್ತದೆ. ಸರಿಯೇ? ಮಗಳಿಗೆ ಸಾನ್ವಿ ಎಂದು ಇಟ್ಟಿದ್ದೇವೆ, ಲಕ್ಷ್ಮಿ ಎಂಬ ಅರ್ಥವಂತೆ.

ಉತ್ತರ: ಎರಡೂ ಸರಿಯಲ್ಲ. ಸಂಸ್ಕೃತದಲ್ಲಿ ‘ರವ’ ಎಂದರೆ ಸದ್ದು, ‘ಆರವ’ ಎಂದರೆ ಕೂಗು, ದೊಡ್ಡ ದನಿ. ಶಾಂತ ಎಂಬ ಅರ್ಥ ಬೇಕಿದ್ದರೆ ‘ನೀರವ’ ಇದೆ, ಸದ್ದಿಲ್ಲದ್ದು ಎಂದು. ಸಾನ್ವಿ ಎಂಬುದಕ್ಕೆ ಲಕ್ಷ್ಮಿ ಎಂಬ ಅರ್ಥವನ್ನು ಯಾವ ನಿಘಂಟೂ ಕೊಡುವುದಿಲ್ಲ, ಲಕ್ಷ್ಮಿಯ ನಾಮಾವಳಿಯಲ್ಲೂ ಅದಿಲ್ಲ. ಕಿವಿಗೆ ಇಂಪಾಗಿದೆ ಎಂದು ಇಟ್ಟರೆ ತಪ್ಪೇನಿಲ್ಲ, ಹೆಸರಿಗೆ ಅರ್ಥ ಇರಲೇಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ ಅರ್ಥಕ್ಕಾಗಿಯೇ ಇಡುವುದಾದರೆ ಆ ಅರ್ಥ ಇರಬೇಕು.

ಹೆಸರಿನ ಪಟ್ಟಿ ಕೊಡುವ ಜಾಲತಾಣಗಳು ಒಂದನ್ನೊಂದು ನಕಲು ಮಾಡುತ್ತವೆ. ಹತ್ತು ಕಡೆ ಒಂದೇ ಅರ್ಥ ಕಂಡರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ತಪ್ಪಿನ ಹತ್ತು ಪ್ರತಿ. ಮನೆಯಲ್ಲೇ ಪರೀಕ್ಷಿಸಿ ನೋಡಿ. ಮೊದಲು ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೆ ದೀರ್ಘ, ಹ್ರಸ್ವ, ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ಕಲಸಿಹೋಗುತ್ತವೆ. ಆಮೇಲೆ ಪದ ಬಿಡಿಸಿ: ಮುಂದಿನ ‘ಪ್ರ’, ‘ವಿ’, ‘ಸು’, ‘ನಿ’ ಮೊದಲಾದವು ಬೇರೆ, ಹಿಂದಿನ ‘ಈಶ’, ‘ಇತ’, ‘ಅಂಶ’ ಬೇರೆ, ನಡುವೆ ಉಳಿದದ್ದು ಬೇರೆ. ಆ ನಡುವಿನ ಪದವನ್ನು ಕಿಟ್ಟೆಲ್ ನಿಘಂಟಿನಲ್ಲಿ ಅಥವಾ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ನೋಡಿ. 1894ರ ಕಿಟ್ಟೆಲ್ ನಿಘಂಟಿನಲ್ಲಿ ಸಂಸ್ಕೃತ ಪದಗಳೂ ಸಾಕಷ್ಟಿವೆ, ತಾಲ್ಲೂಕು ಗ್ರಂಥಾಲಯದಲ್ಲಿ ವಿಚಾರಿಸಿ. ಕೊನೆಗೆ ಆ ಪದವನ್ನು ಒಂದು ವಾಕ್ಯದಲ್ಲಿ ಬಳಸಿ ನೋಡಿ. ಎಷ್ಟೋ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಅಪೇಕ್ಷಾ ಎಂದರೆ ಬಯಕೆ, ಪ್ರತೀಕ್ಷಾ ಎಂದರೆ ಕಾಯುವಿಕೆ, ಆದರೆ ಉಪೇಕ್ಷಾ ಎಂದರೆ ಕಡೆಗಣನೆ. ಪ್ರಾಸ ಚೆನ್ನಾಗಿದೆ ಎಂದು ಎರಡನೆಯ ಮಗಳಿಗೆ ಉಪೇಕ್ಷಾ ಎಂದು ಇಟ್ಟರೆ ಹೇಗಾದೀತು?

ಹೀಗೆಯೇ ತೃಷಾ ಎಂದರೆ ಬಾಯಾರಿಕೆ. ವಿನುತಾ ಎಂದರೆ ಹೊಗಳಿಸಿಕೊಂಡವಳು. ವಿನತಾ ಎಂದರೆ ಬಾಗಿದವಳು, ಗರುಡನ ತಾಯಿಯ ಹೆಸರು. ಚಿರಾಗ್ ಎಂಬುದನ್ನು ‘ಚಿರ’ದ ಜೊತೆ ತಳಕು ಹಾಕುವವರಿದ್ದಾರೆ, ಅದು ಪಾರಸಿ ಮೂಲದ ಪದ, ದೀಪ ಎಂದರ್ಥ, ಸೊಗಸಾದ ಹೆಸರೇ. ಅದ್ವಿಕ್, ಅದ್ವಿಕಾ ಹೊಸದಾಗಿ ಹೊಸೆದವು. ಎರಡಿಲ್ಲದ್ದು ಎಂಬ ಅರ್ಥಕ್ಕೆ ನಿಘಂಟಿನಲ್ಲಿರುವ ರೂಪ ಅದ್ವಯ, ಅದ್ವಿತೀಯ.

ಪ್ರಶ್ನೆ (ಹೊನ್ನಾಳಿ): ರಮೇಶ ಸರಿಯೋ, ರಮೇಶ್ ಸರಿಯೋ?

ಉತ್ತರ: ಕನ್ನಡದಲ್ಲಿ ರಮೇಶ. ಕೊನೆಯ ಸ್ವರ ಕಳೆದದ್ದು ಇಂಗ್ಲಿಷ್, ಹಿಂದಿಯ ಪ್ರಭಾವ. ವಿಭಕ್ತಿ ಹಚ್ಚಿದ ಕೂಡಲೇ ಆ ಸ್ವರದ ಲೆಕ್ಕ ಮರಳಿ ಬರುತ್ತದೆ: ರಮೇಶನ, ರಮೇಶನಿಗೆ. ಆದರೆ ದಾಖಲೆಯಲ್ಲಿ ಈಗಾಗಲೇ ರಮೇಶ್ ಎಂದಿದ್ದರೆ ಹಾಗೇ ಬಿಡಿ.

ಪ್ರಶ್ನೆ (ಹರಿಹರ): ನನ್ನ ಹೆಸರು ಮುರುಗೇಶ. ಬೆಂಗಳೂರಿನಲ್ಲಿ ಎಲ್ಲರೂ ‘ತಮಿಳರಾ?’ ಅಂತ ಕೇಳ್ತಾರೆ.

ಉತ್ತರ: ತಮಿಳಿನ ಮುರುಗೇಶನ್ ಎಂಬುದು ಮುರುಗನಿಂದ, ಅಂದರೆ ಸುಬ್ರಹ್ಮಣ್ಯನಿಂದ ಬಂದದ್ದು. ನಮ್ಮ ಕಡೆಯ ಮುರಿಗೆಪ್ಪ, ಮುರಿಗೇಶ, ಮುರುಗೇಂದ್ರಪ್ಪ, ಮುರುಘರಾಜೇಂದ್ರ ಇವೆಲ್ಲ ಸಾಮಾನ್ಯವಾಗಿ ಚಿತ್ರದುರ್ಗದ ಮುರುಘಾಮಠದ ಪರಂಪರೆಯಿಂದ, ಭರಮಣ್ಣ ನಾಯಕನ ಕಾಲದ ಮುರಿಗಾ ಶಾಂತವೀರ ಸ್ವಾಮಿಗಳ ಹೆಸರಿನಿಂದ ಬಂದವು. ನಿಮ್ಮ ಮನೆತನ ಆ ಮಠಕ್ಕೆ ನಡೆದುಕೊಳ್ಳುವುದಾದರೆ ಹೆಸರಿನ ಮೂಲವೂ ಅದೇ. ಎರಡು ಬೇರೆ ಬೇರೆ ಹೆಸರುಗಳು ಒಂದೇ ರೂಪಕ್ಕೆ ಬಂದು ನಿಂತಿವೆ, ಅಷ್ಟೇ. ಮಠದಿಂದ ಬಂದ ಹೆಸರುಗಳು ನಮ್ಮಲ್ಲಿ ಹೇರಳ. ಮರುಳಸಿದ್ದಪ್ಪ, ಮರುಳಪ್ಪ ಎಂದರೆ ಸಿರಿಗೆರೆಯ ತರಳಬಾಳು ಪರಂಪರೆಯ ಮೂಲಪುರುಷ ಮರುಳಸಿದ್ಧ. ಆತ ಶಿಷ್ಯನಿಗೆ ‘ತರಳಾ, ಬಾಳು’ ಎಂದು ಹರಸಿದ್ದರಿಂದ ತರಳಬಾಳು ಎಂಬ ಹೆಸರು ಬಂತೆಂದು ಪ್ರತೀತಿ. ತರಳ ಎಂದರೆ ಮಗು. ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಂದರೆ ಕೊಟ್ಟೂರು. ‘ಟ್ಟೂರ’ ಎಂಬುದು ಮಾತಿನ ಓಟದಲ್ಲಿ ‘ಟ್ರ’ ಆಯಿತು.

ಪ್ರಶ್ನೆ (ಹೊಸದುರ್ಗ): ಅಜ್ಜನ ಹೆಸರು ಪಹಣಿಯಲ್ಲಿ ಬಸವಪ್ಪ, ಆಧಾರ್‌ನಲ್ಲಿ ಬಸಪ್ಪ, ಬ್ಯಾಂಕಿನಲ್ಲಿ ಬಸಣ್ಣ. ಮೂರೂ ಒಂದೇ ಹೆಸರಲ್ಲವೇ? ಖಾತೆ ಬದಲಾವಣೆಗೆ ಹೋದರೆ ತಕರಾರು ಬರುತ್ತಿದೆ.

ಉತ್ತರ: ಭಾಷೆಯ ಲೆಕ್ಕದಲ್ಲಿ ಒಂದೇ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹ, ಕನ್ನಡದಲ್ಲಿ ಬಸವ. ಬಸವ, ಅಪ್ಪ ಕೂಡಿದರೆ ಬಸವಪ್ಪ, ನಡುವಿನ ‘ವ’ ಜಾರಿದರೆ ಬಸಪ್ಪ, ಅಣ್ಣ ಕೂಡಿದರೆ ಬಸಣ್ಣ. ಊರಲ್ಲಿ ಒಬ್ಬನನ್ನೇ ವಯಸ್ಸಿಗೆ ತಕ್ಕಂತೆ ಬಸ್ಯಾ, ಬಸಣ್ಣ, ಬಸಪ್ಪಜ್ಜ ಎಂದು ಕರೆದುಕೊಂಡು ಬಂದಿದ್ದೇವೆ. ಆದರೆ ಗಣಕಯಂತ್ರ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತದೆ. ಇಂಗ್ಲಿಷಿನಲ್ಲಿ ಬರೆದಾಗ ಬಸಪ್ಪನಿಗಿಂತ ಬಸವಪ್ಪನಲ್ಲಿ ಒಂದು ‘ಎ’, ಒಂದು ‘ವಿ’ ಹೆಚ್ಚು, ಅಷ್ಟಕ್ಕೇ ಅದು ಬೇರೆ ಮನುಷ್ಯ.

ಮೊದಲು ಒಂದು ಹಾಳೆಯಲ್ಲಿ ಎಲ್ಲ ದಾಖಲೆಗಳನ್ನು ಸಾಲಾಗಿ ಬರೆಯಿರಿ: ದಾಖಲೆ ಯಾವುದು, ಅದರಲ್ಲಿ ಕನ್ನಡದ ಹೆಸರು ಏನಿದೆ, ಇಂಗ್ಲಿಷಿನದು ಏನಿದೆ, ತಂದೆಯ ಹೆಸರು ಏನಿದೆ. ಎಷ್ಟೋ ಸಲ ಸ್ವಂತ ಹೆಸರು ಸರಿಯಾಗಿದ್ದು ತಂದೆಯ ಹೆಸರಲ್ಲಿ ತಪ್ಪಿರುತ್ತದೆ. ಅದು ಕಣ್ಣಿಗೆ ಬೀಳುವುದು ಹೀಗೆ ಬರೆದಾಗಲೇ. ಜಮೀನಿನ ಕೆಲಸವಾದ್ದರಿಂದ ಪಹಣಿಯ ರೂಪವನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಅರ್ಜಿ ಕೊಡುವ ಮೊದಲೇ ಇಂಗ್ಲಿಷ್ ಕಾಗುಣಿತ ಗಟ್ಟಿ ಮಾಡಿಕೊಳ್ಳಿ. ತಿದ್ದುಪಡಿ ಆದ ಮೇಲೆ ಬ್ಯಾಂಕಿಗೆ ಹೋಗಿ. ಅಜ್ಜ ತೀರಿಕೊಂಡಿದ್ದರೆ ತಿದ್ದುವ ಪ್ರಶ್ನೆ ಬರುವುದಿಲ್ಲ. ಆಗ ಮೂರೂ ಹೆಸರು ಒಬ್ಬರವೇ ಎಂಬ ಪ್ರಮಾಣಪತ್ರವನ್ನು ನೋಟರಿ ಮುಂದೆ ಮಾಡಿಸಿ, ಅದರಲ್ಲಿ ಮೂರೂ ರೂಪಗಳನ್ನು ದಾಖಲೆಯಲ್ಲಿ ಇರುವ ಹಾಗೆಯೇ ಬರೆಸಿ, ವಂಶವೃಕ್ಷದ ಜೊತೆ ತಾಲ್ಲೂಕು ಕಚೇರಿಗೆ ಕೊಡಿ. ವಂಶವೃಕ್ಷದಲ್ಲೂ ‘ಬಸವಪ್ಪ ಉರುಫ್ ಬಸಪ್ಪ ಉರುಫ್ ಬಸಣ್ಣ’ ಎಂದೇ ಇರಲಿ. ಅಲ್ಲಿ ನಾಲ್ಕನೆಯ ಒಂದು ರೂಪ ನುಸುಳಿದರೆ ಮತ್ತೆ ಮೊದಲಿನಿಂದ ಅಲೆದಾಟ.

ಪ್ರಶ್ನೆ (ಜಗಳೂರು): ಮಗುವಿಗೆ ಎರಡು ವರ್ಷ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಈಗ ಸೇರಿಸಬಹುದೇ? ಎಲ್ಲಿ?

ಉತ್ತರ: ಸೇರಿಸಬಹುದು. ಜನನ, ಮರಣ ನೋಂದಣಿಯ 1969ರ ಕಾಯ್ದೆಯ 14ನೇ ಕಲಂ ಇದಕ್ಕೇ ಇದೆ. ನೋಂದಣಿಯಾದ 12 ತಿಂಗಳೊಳಗಾದರೆ ಶುಲ್ಕವಿಲ್ಲ, ಅದಾದ ಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಹೆಚ್ಚಿನವರು ಎಡವುವುದು ಕಚೇರಿಯ ವಿಷಯದಲ್ಲಿ. ನೋಂದಣಿ ಆಗುವುದು ಹೆರಿಗೆ ಆದ ಊರಿನಲ್ಲಿ, ತಂದೆ ತಾಯಿ ವಾಸ ಮಾಡುವ ಊರಿನಲ್ಲಲ್ಲ. ಜಗಳೂರಿನವರ ಹೆರಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಆಗಿದ್ದರೆ ಜಗಳೂರಿನಲ್ಲಿ ಎಷ್ಟು ಓಡಾಡಿದರೂ ಉಪಯೋಗವಿಲ್ಲ. ಪ್ರಮಾಣಪತ್ರದ ಕೆಳಗೆ ಯಾವ ನೋಂದಣಾಧಿಕಾರಿಯ ಸಹಿ, ಮೊಹರು ಇದೆಯೋ ಅಲ್ಲಿಗೇ ಹೋಗಿ.

ಹೆಸರು ಬರೆಸುವ ಮೊದಲು ಕಾಗದದ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಿ ಬರೆಸಬೇಡಿ. ನಮ್ಮ ಕಡೆ ‘ತ’ಕ್ಕೆ ‘ಟಿ’, ‘ಎಚ್’ ಎರಡನ್ನೂ ಹಾಕುವ ರೂಢಿ ಇದೆ. ಗೀತಾ, ಲತಾ ಬರೆಯುವುದು ಹಾಗೆ. ಉತ್ತರದವರು ಬರೀ ‘ಟಿ’ ಹಾಕುತ್ತಾರೆ. ಯಾವುದಾದರೂ ಸರಿ, ತಂದೆ ತಾಯಿಯ ಹೆಸರಲ್ಲಿ ಬಳಸಿದ್ದನ್ನೇ ಮಗುವಿಗೂ ಬಳಸಿ. ಒಮ್ಮೆ ದಾಖಲಾದ ಹೆಸರಲ್ಲಿ ಬರಹದ ತಪ್ಪುಗಳನ್ನು 15ನೇ ಕಲಂ ಪ್ರಕಾರ ತಿದ್ದುತ್ತಾರೆ, ಆದರೆ ಮನಸ್ಸು ಬದಲಾಯಿತೆಂದು ಬೇರೆ ಹೆಸರು ಹಾಕಿಸುವುದು ಸುಲಭವಲ್ಲ. ಕಾಯ್ದೆಯ 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ, ಸ್ಥಳಕ್ಕೆ ಈ ಪ್ರಮಾಣಪತ್ರವೇ ಆಧಾರ. ತಡಮಾಡಬೇಡಿ.

ಪ್ರಶ್ನೆ (ದಾವಣಗೆರೆ): ಮಗಳದು ಹಸ್ತಾ ನಕ್ಷತ್ರ, ಮೂರನೇ ಪಾದ. ‘ಣ’ ಅಕ್ಷರದಿಂದ ಹೆಸರಿಡಿ ಎಂದಿದ್ದಾರೆ. ‘ಣ’ದಿಂದ ಶುರುವಾಗುವ ಹೆಸರೇ ಇಲ್ಲವಲ್ಲ!

ಉತ್ತರ: ಇಲ್ಲ, ನಿಜ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಷ್ಟನ್ನು ತುಂಬಿಸುವಾಗ ಪದದ ಮೊದಲಿಗೆ ಬಾರದ ಅಕ್ಷರಗಳೂ ಸೇರಿವೆ. ಹಸ್ತೆಗೆ ಪೂ, ಷ, ಣ, ಠ. ಆರ್ದ್ರೆಗೆ ಕು, ಘ, ಙ, ಛ; ಅಲ್ಲಿ ‘ಙ’ದ್ದೂ ಇದೇ ಪಾಡು. ರೂಢಿಯಲ್ಲಿರುವ ಪರಿಹಾರ ಎರಡು. ‘ಣ’ಕ್ಕೆ ‘ನ’, ‘ಙ’ಕ್ಕೆ ‘ಗ’ ಹೀಗೆ ಹತ್ತಿರದ ಅಕ್ಷರ ಹಿಡಿಯುವುದು, ಇಲ್ಲವೇ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯುವುದು; ಹಸ್ತೆಗೆ ಪೂರ್ಣಿಮಾ, ಪೂರ್ವಿ ಆಗುತ್ತವೆ. ನಕ್ಷತ್ರದ ಹೆಸರನ್ನು ತೊಟ್ಟಿಲಲ್ಲಿ ಕಿವಿಯಲ್ಲಿ ಹೇಳಿ ಸಂಕಲ್ಪಕ್ಕೆ ಮಾತ್ರ ಇಟ್ಟುಕೊಂಡು, ಕರೆಯಲು, ದಾಖಲೆಗೆ ಬೇರೆ ಹೆಸರು ಇಡುವ ಮನೆಗಳೂ ಬಹಳ. ಅಕ್ಷರಕ್ಕೆ ಕಟ್ಟುಬಿದ್ದು ಅರ್ಥವಿಲ್ಲದ ಹೆಸರು ಹೊಸೆಯುವುದಕ್ಕಿಂತ ಅದೇ ಮೇಲು.

ಪ್ರಶ್ನೆ (ಭರಮಸಾಗರ): ನಮ್ಮಲ್ಲಿ ಅಡ್ಡಹೆಸರು ಇಲ್ಲ, ಇನಿಶಿಯಲ್ ಮಾತ್ರ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಏನು ತುಂಬಬೇಕು?

ಉತ್ತರ: ಇನಿಶಿಯಲ್ ನಮ್ಮ ಕಡೆ ಊರಿನದ್ದೋ ತಂದೆಯದ್ದೋ ಆಗಿರುತ್ತದೆ. ಎಸ್. ನಿಜಲಿಂಗಪ್ಪ ಎಂಬಲ್ಲಿ ‘ಎಸ್’ ಎಂದರೆ ಸಿದ್ದವ್ವನಹಳ್ಳಿ. ತ.ರಾ.ಸು. ಎಂಬಲ್ಲಿ ‘ತ’ ಎಂದರೆ ತಳುಕು, ‘ರಾ’ ಎಂದರೆ ತಂದೆ ರಾಮಸ್ವಾಮಯ್ಯ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಸ್ವಂತ ಹೆಸರಿನ ಅಂಕಣ ಕಡ್ಡಾಯ, ಅಡ್ಡಹೆಸರಿನ ಅಂಕಣ ಖಾಲಿ ಬಿಡಲು ಅವಕಾಶವಿದೆ. ಆದರೆ ಖಾಲಿ ಬಿಟ್ಟರೆ ಕೆಲವು ದೇಶಗಳಲ್ಲಿ ತೊಂದರೆ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ಹೇಳಿತು. ಆದ್ದರಿಂದ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಡ್ಡಹೆಸರಾಗಿ ತುಂಬಿ. ಅಣ್ಣತಮ್ಮಂದಿರೆಲ್ಲ ಒಂದೇ ತುಂಬಿದರೆ ಮುಂದಿನ ತಲೆಮಾರಿಗೂ ಅನುಕೂಲ. ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೀಗೇ ಬಿಡಿಸಿದ ರೂಪ ಹೋಗುವಂತೆ ಶಾಲೆಯವರು ಹೆಸರಿನ ಪಟ್ಟಿ ಕಳಿಸುವ ಮುಂಚೆಯೇ ಮುಖ್ಯೋಪಾಧ್ಯಾಯರಲ್ಲಿ ನೋಡಿಕೊಳ್ಳಿ.

ಅಂದಹಾಗೆ, ನಿಜಲಿಂಗಪ್ಪ ಎಂಬಲ್ಲಿನ ‘ನಿಜ’ಕ್ಕೆ ಸಂಸ್ಕೃತದಲ್ಲಿ ‘ತನ್ನದೇ ಆದ’ ಎಂಬ ಅರ್ಥ, ‘ದಿಟ’ ಎಂಬ ಅರ್ಥ ಕನ್ನಡದಲ್ಲಿ ಬೆಳೆದದ್ದು.

ಪ್ರಶ್ನೆ (ಹಿರಿಯೂರು): ಫಕೀರಪ್ಪ, ಹುಸೇನಪ್ಪ ಎಂದು ಹಿಂದೂಗಳಲ್ಲೂ ಹೆಸರಿರುವುದು ಹೇಗೆ?

ಉತ್ತರ: ದರ್ಗಾಕ್ಕೆ, ಮೊಹರಂ ಪಂಜಾಕ್ಕೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಆ ಹೆಸರು ಇಟ್ಟು ನಮ್ಮ ‘ಅಪ್ಪ’ ಸೇರಿಸಿದ್ದು. ಕೊಟ್ರಪ್ಪ ಎಂದು ಇಡುವುದೂ ಇದೇ ಕ್ರಮದಲ್ಲಿ. ದಸ್ತಗೀರ್ ಎಂಬುದು ಪಾರಸಿ, ಕೈ ಹಿಡಿದು ನಡೆಸುವವನು ಎಂದರ್ಥ, ಸಂತ ಅಬ್ದುಲ್ ಖಾದರ್ ಜೀಲಾನಿಯವರ ಬಿರುದು. ಹೆಸರು ಬರೆಯುವವರಿಗೆ ಒಂದು ಮಾತು: ‘ಅಬ್ದುಲ್’ ಎಂದು ಅರ್ಧಕ್ಕೆ ನಿಲ್ಲಿಸಬೇಡಿ. ಅದು ‘ಇಂಥವನ ಸೇವಕ’ ಎಂಬುದರ ಮೊದಲರ್ಧ ಮಾತ್ರ, ಯಾರ ಸೇವಕ ಎಂಬುದು ಮುಂದಿನ ಪದದಲ್ಲಿದೆ. ಪಡಿತರ ಚೀಟಿಯಲ್ಲಿ ಅರ್ಧ, ಆಧಾರ್‌ನಲ್ಲಿ ಪೂರ್ತಿ ಇದ್ದು ಪರದಾಡುವವರು ಬಹಳ.

ಪ್ರಶ್ನೆ (ಹೊಳಲ್ಕೆರೆ): ದಾವಣಗೆರೆ, ಸಿರಿಗೆರೆ ಎಂದು ‘ಗೆರೆ’ ಆದರೆ ನಮ್ಮೂರು, ಚಳ್ಳಕೆರೆ ಯಾಕೆ ‘ಕೆರೆ’ಯಾಗೇ ಉಳಿದವು?

ಉತ್ತರ: ಎರಡು ಪದ ಸೇರುವಾಗ ಎರಡನೆಯದರ ಮೊದಲ ‘ಕ’ ಹೋಗಿ ‘ಗ’ ಬರುವುದು ಆದೇಶ ಸಂಧಿ, ಮಳೆಗಾಲ ಎಂಬಲ್ಲಿ ಆದದ್ದೂ ಅದೇ. ಊರ ಹೆಸರುಗಳಲ್ಲಿ ಅದು ಎಲ್ಲ ಕಡೆ ಆಗಿಲ್ಲ, ಬಳಕೆಯಲ್ಲಿ ನಿಂತ ರೂಪವೇ ಉಳಿದಿದೆ. ನಿಮ್ಮೂರಿನ ‘ಹೊಳಲ್’ ಹಳಗನ್ನಡದಲ್ಲಿ ಪೊೞಲ್, ಪಟ್ಟಣ ಎಂದರ್ಥ.

ಪ್ರಶ್ನೆ (ನ್ಯಾಮತಿ): ನಾವು ತಾಂಡಾದವರು, ಹೆಸರಿನ ಕೊನೆಗೆ ‘ನಾಯ್ಕ’ ಇದೆ. ಶಾಲೆಯಲ್ಲಿ ಮಗನದನ್ನು ‘ನಾಯಕ’ ಎಂದು ತಿದ್ದಿದ್ದಾರೆ. ಹಾಗೇ ಬಿಡಬಹುದೇ?

ಉತ್ತರ: ಬಿಡಬೇಡಿ. ಮುಂದೆ ನಡೆಸುವವನು ಎಂಬ ಅರ್ಥದ ಒಂದೇ ಸಂಸ್ಕೃತ ಪದದಿಂದ ಎರಡೂ ಬಂದಿವೆ. ಆದರೆ ತಾಂಡಾದ ಮುಖ್ಯಸ್ಥನಿಗೆ ನಾಯ್ಕ ಎನ್ನುವ ಲಂಬಾಣಿಗರ ರೂಢಿ ಬೇರೆ, ಚಿತ್ರದುರ್ಗದ ಪಾಳೆಯಗಾರರ ಬಿರುದಾಗಿ ಬಂದ ನಾಯಕ ಬೇರೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ, ನಾಯಕ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರುವುದರಿಂದ ಜಾತಿ ಪ್ರಮಾಣಪತ್ರದ ಪರಿಶೀಲನೆಯಲ್ಲಿ ಈ ಒಂದು ಅಕ್ಷರ ಪ್ರಶ್ನೆ ಎಬ್ಬಿಸುತ್ತದೆ. ಮಗ ಹತ್ತನೇ ತರಗತಿಗೆ ಬರುವ ಮೊದಲೇ ಜನನ ಪ್ರಮಾಣಪತ್ರ, ನಿಮ್ಮ ಸ್ವಂತ ಶಾಲಾ ದಾಖಲೆಯ ಪ್ರತಿ ಇಟ್ಟು ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ತಿದ್ದಿದ ಮೇಲೆ ದಾಖಲಾತಿ ಪುಸ್ತಕದ ಆ ಸಾಲನ್ನು ಕಣ್ಣಾರೆ ನೋಡಿ ಬನ್ನಿ.